ಅಮೆರಿಕದ ನಿರುದ್ಯೋಗ ಭತ್ಯೆ ಸಿಸ್ಟಮ್ ಕ್ಲೌಡಿಗೆ ಹಾಕಿದ್ರೆ ಸಮಸ್ಯೆ ಮುಗಿಯುತ್ತಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ, ಬೆಂಗಳೂರಲ್ಲಿ ಐಟಿ ಕಂಪನೀಲಿದೀನಿ. ಅಮೆರಿಕದ ರಾಜ್ಯಗಳ ನಿರುದ್ಯೋಗ ಭತ್ಯೆ ಪ್ರಾಜೆಕ್ಟಿಗೆ ಹಾಕಿದಾರೆ, ಮೇನ್‌ಫ್ರೇಮಿಂದ (ಹಳೇ ಕಾಲದ ದೊಡ್ಡ ಕಂಪ್ಯೂಟರ್) ಕ್ಲೌಡಿಗೆ (ಬೇಕಾದಷ್ಟು ಬಾಡಿಗೆಗೆ ಸಿಗೋ ಸರ್ವರ್), ಅದೂ ಮೂರ್ನಾಲ್ಕು ರಾಜ್ಯಕ್ಕೆ ಸೇರಿ ಒಂದೇ ಸಿಸ್ಟಮ್ ಅಂತೆ. 2020ರಲ್ಲಿ ಕೊರೊನಾ ಟೈಮಲ್ಲಿ ಅಲ್ಲಿನ ಸೈಟುಗಳು ಕೂತುಹೋಗಿದ್ವಲ್ಲ, ಕ್ಲೌಡಲ್ಲಿ ಇದ್ದಿದ್ರೆ ಹಾಗಾಗ್ತಿರ್ಲಿಲ್ವಾ? ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ: ಅರ್ಧ ತೊಂದ್ರೆ ತಪ್ಪೋದು ಮೇಡಂ, ಅರ್ಧ ಹಾಗೇ ಇರೋದು. ಅಲ್ಲಿವರೆಗೂ ಇಡೀ ದೇಶದಲ್ಲಿ ವಾರಕ್ಕೆ 2 ಲಕ್ಷ ಚಿಲ್ಲರೆ ಹೊಸ ಅರ್ಜಿ ಬರ್ತಿದ್ದಿದ್ದು ಮಾರ್ಚ್ ಕೊನೆ ಹೊತ್ತಿಗೆ 60 ಲಕ್ಷದ ಹತ್ರ ಹೋಯ್ತು. ಅಷ್ಟಕ್ಕಾಗೋ ಸರ್ವರ್ ಯಾವ ರಾಜ್ಯನೂ ಕೊಂಡಿಟ್ಕೊಳಲ್ಲ, ಉಳಿದ ವರ್ಷಗಳೆಲ್ಲ ಸುಮ್ನೆ ಬಿದ್ದಿರ್ತವೆ. ಅದಕ್ಕೆ ರೋಡ್ ಐಲೆಂಡ್‌ನವ್ರು ಹಿಂದಿನ ಮೇನ್‌ಫ್ರೇಮ್ ಹಾಗೇ ಬಿಟ್ಟು, ಅರ್ಜಿ ಫಾರಂ ಮತ್ತೆ ಕಾಲ್ ಸೆಂಟರ್ ಮಾತ್ರ ಅಮೆಜಾನ್ ಕ್ಲೌಡಿಗೆ ಹಾಕಿದ್ರು. ಆ ಕೆಲ್ಸಕ್ಕೆ ಕ್ಲೌಡ್ ನಿಜವಾಗ್ಲೂ ಬೇಕು.

ಇನ್ನರ್ಧ ಕಾನೂನಿನ ಕಥೆ. 1935ರ ಕಾಯ್ದೆಯಿಂದ ಶುರುವಾದ ಸ್ಕೀಮ್ ಇದು, ದುಡ್ಡಲ್ಲಿ ಕೇಂದ್ರದ ಪಾಲೂ ಇದೆ ಆದ್ರೆ ನಡೆಸೋದು ರಾಜ್ಯಗಳು, ಅವರವರ ರೂಲ್ಸು ಅವರವರಿಗೆ. ಬಹಳಷ್ಟು ಕಡೆ 26 ವಾರ ಭತ್ಯೆ ಇದ್ರೆ ಫ್ಲೋರಿಡಾದಲ್ಲಿ ನಿರುದ್ಯೋಗ ಕಮ್ಮಿ ಇರೋವಾಗ 12 ವಾರ ಅಷ್ಟೇ. ಇದೆಲ್ಲಾ ದಶಕಗಳಿಂದ ಕೋಬಾಲ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯ ಕೋಡಲ್ಲಿ ಪದರ ಪದರವಾಗಿ ಕೂತಿದೆ. 2020ರಲ್ಲಿ ವಾರಕ್ಕೆ 600 ಡಾಲರ್ ಹೆಚ್ಚುವರಿ ಅಂತ ಹೊಸ ಕಾನೂನು ಬಂತು, ಅದೇ ಟೈಮಲ್ಲಿ ನ್ಯೂಜೆರ್ಸಿ ಗವರ್ನರ್ರು ಕೋಬಾಲ್ ಬರೋರು ಯಾರಾದ್ರೂ ಸಹಾಯಕ್ಕೆ ಬನ್ನಿ ಅಂತ ಬಹಿರಂಗವಾಗೇ ಕೇಳಿದ್ರು. ಅದೇ ಕೋಡ್ ಎತ್ತಿ ಕ್ಲೌಡಲ್ಲಿಟ್ರೆ ಅರ್ಥ ಮಾಡ್ಕೊಳೋರ ಕೊರತೆ ಎಲ್ಲಿ ತೀರುತ್ತೆ?

ರಾಜ್ಯಗಳು ಸೇರಿ ಮಾಡೋದ್ರಲ್ಲಿ ಎರಡೂ ಥರ ಆಗಿದೆ. ಮಿಸಿಸಿಪ್ಪಿಯ ಸಿಸ್ಟಮ್ಮನ್ನ (ಕಟ್ಟಿದ್ದು ಟಿಸಿಎಸ್) ಮೇನ್ (Maine) ಅನ್ನೋ ರಾಜ್ಯನೂ ತಗೊಂಡ್ತು. ಆದ್ರೆ ಕೊಲರಾಡೊ, ಅರಿಜೋನ, ವಯೋಮಿಂಗ್, ನಾರ್ತ್ ಡಕೋಟ ಕಟ್ಕೊಂಡಿದ್ದ ಕೂಟ ಮುರಿದುಬಿತ್ತು. ಸರ್ವರ್ ಹಂಚ್ಕೊಳೋದು ಸುಲಭ, ರೂಲ್ಸ್ ಬದಲಾದಾಗ ಯಾರ ಕೆಲಸ ಮೊದಲು, ಖರ್ಚು ಯಾರ್ದು ಅನ್ನೋದು ಕಷ್ಟ. ನಿಮ್ಮ ಪ್ರಾಜೆಕ್ಟಲ್ಲಿ ಇದು ಬರವಣಿಗೇಲಿ ಇದೆಯಾ ಮೊದಲು ಕೇಳಿ, ಮತ್ತೆ ರಾಜ್ಯದ ರೂಲ್ಸನ್ನ ಕೋಡಿಂದ ಹೊರಗೆ ಬೇರೆಯಾಗಿ ಇಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಮೋಸದ ಅರ್ಜಿನೂ ಸಿಸ್ಟಮ್ಮೇ ಹಿಡಿದು ದಂಡ ಹಾಕ್ಬೇಕು ಅಂತಿದಾರೆ, ಮಾಡಬಹುದಾ?

ಉತ್ತರ: ಹಿಡೀಲಿ, ತೀರ್ಪು ಮಾತ್ರ ಕೊಡೋದು ಬೇಡ. ಮಿಶಿಗನ್‌ನಲ್ಲಿ 2013ರಿಂದ 2015ರವರೆಗೆ ಮಿಡಾಸ್ ಅನ್ನೋ ಸಿಸ್ಟಮ್ ಹಾಗೇ ಮಾಡ್ತು, ಸುಮಾರು 40 ಸಾವಿರ ಜನಕ್ಕೆ ಸುಳ್ಳು ಆರೋಪ. ಆಮೇಲೆ 22 ಸಾವಿರಕ್ಕೂ ಹೆಚ್ಚು ಕೇಸ್ ತೆಗೆದು ನೋಡಿದಾಗ 93 ಪರ್ಸೆಂಟ್ ತಪ್ಪು. ಅಷ್ಟರಲ್ಲಿ ಎಷ್ಟೋ ಜನರ ಟ್ಯಾಕ್ಸ್ ರಿಫಂಡ್ ಹೋಗಿತ್ತು, ಸಂಬಳ ಕಟ್ ಆಗಿತ್ತು, ಕೆಲವ್ರು ದಿವಾಳಿ ಆಗಿದ್ರು. ಕೆಲಸ ಕಳ್ಕೊಂಡೋರ ಮೇಲೆ ಕಳ್ಳ ಅನ್ನೋ ಹಣೆಪಟ್ಟಿ ಅಂದ್ರೆ ಸಣ್ಣ ವಿಷ್ಯ ಅಲ್ಲ ಮೇಡಂ. ಅನುಮಾನ ಬಂದ ಕೇಸು ಮನುಷ್ಯರ ಟೇಬಲ್ಲಿಗೇ ಹೋಗ್ಬೇಕು, ಅರ್ಜಿದಾರರ ಮಾತು ಕೇಳದೆ ಒಂದು ಡಾಲರೂ ಹಿಡೀಬಾರ್ದು. ಡಿಸೈನ್ ಮೀಟಿಂಗಲ್ಲೇ ಈ ಮಾತು ಎತ್ತಿ, ಲೈವ್ ಆದ್ಮೇಲೆ ಯಾರೂ ಕೇಳಲ್ಲ.