ಸ್ಪೀಡಿಂಗ್ ಟಿಕೆಟ್ ಇದೆ, ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಹೇಳಲೇಬೇಕಾ?

ತುಮಕೂರು_ಟು_ಟೆಕ್ಸಸ್:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಇನ್ನು ಮೂರು ವಾರ ಇದೆ. ವೇಗದ ಮಿತಿ ಮೀರಿ ಓಡಿಸಿದ್ದಕ್ಕೆ ನನಗೆ ಎರಡು ಸ್ಪೀಡಿಂಗ್ ಟಿಕೆಟ್ ಆಗಿವೆ. 2022ರದ್ದಕ್ಕೆ 210 ಡಾಲರ್ ಕಟ್ಟಿದೆ. 2024ರದ್ದು ಡಿಫೆನ್ಸಿವ್ ಡ್ರೈವಿಂಗ್ ಕೋರ್ಸ್ ಮಾಡಿದ ಮೇಲೆ ವಜಾ ಆಯಿತು. ಸಿಟಿಜನ್‌ಶಿಪ್ ಅರ್ಜಿಯ ಎನ್-400 ಫಾರ್ಮ್‌ನಲ್ಲಿ ಯಾವತ್ತಾದರೂ ನಿಮ್ಮನ್ನು ಬಂಧಿಸಿದ್ದಾರಾ, ಟಿಕೆಟ್ ಕೊಟ್ಟಿದ್ದಾರಾ, ಹಿಡಿದಿಟ್ಟಿದ್ದಾರಾ ಅಂತ ಒಂದೇ ಉಸಿರಿಗೆ ಕೇಳುತ್ತಾರಲ್ಲ, ಅಲ್ಲಿ “ಇಲ್ಲ” ಅಂತ ಹಾಕಿಬಿಟ್ಟಿದ್ದೇನೆ. ಬಂಧನದ ಪ್ರಶ್ನೆ ಅಂದುಕೊಂಡೆ. ನಿನ್ನೆ ಮತ್ತೆ ಓದಿದಾಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.
ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ನನ್ನ ಹೆಸರಿನ ಬೈಕನ್ನು ತಮ್ಮ ಓಡಿಸುತ್ತಾನೆ. ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ಜಂಪ್ ಮಾಡಿದ್ದಕ್ಕೆ ಒಟ್ಟು ಒಂಬತ್ತು ಕೇಸ್ ಬಿದ್ದಿದ್ದವು. 2025ರಲ್ಲಿ ಅರ್ಧ ದಂಡದ ರಿಯಾಯಿತಿ ಬಂದಾಗ ಎಲ್ಲ ಕಟ್ಟಿದ್ದಾನೆ. ಇದನ್ನೂ ಹೇಳಬೇಕಾ?

ಕಾವೇರಿ_ತೀರ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಪ್ಪಾ. ನಾನು 2016ರಲ್ಲಿ ಸಿಟಿಜನ್ ಆದವಳು. ಮೂರು ಟಿಕೆಟ್ ಇದ್ದವು, ಆಫೀಸರ್ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಹತ್ತು ಪ್ರಶ್ನೆಯಲ್ಲಿ ಆರು ಸರಿ ಹೇಳಿದೆ, ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಓದಿಸಿದರು, ಒಂದು ಬರೆಸಿದರು, ಮುಗಿಯಿತು. ಆಗಿನ ಫಾರ್ಮ್ ಸೂಚನೆಯಲ್ಲೇ ಇತ್ತು: ಕುಡಿತ, ಡ್ರಗ್ಸ್, ಬಂಧನ ಯಾವುದೂ ಇಲ್ಲದೆ ದಂಡ 500 ಡಾಲರ್ ಒಳಗಿದ್ದರೆ ದಾಖಲೆ ಬೇಡ ಅಂತ. ಸಣ್ಣ ಟಿಕೆಟ್ ಕ್ರೈಮ್ ಅಲ್ಲ.

ಸತ್ಯವಾದಿ_ಶಿವಮೊಗ್ಗ:
“ದಾಖಲೆ ಬೇಡ” ಅಂದರೆ “ಹೇಳುವುದು ಬೇಡ” ಅಂತ ಅಲ್ಲ ಮೇಡಂ. ಕಾಗದ ಜೋಡಿಸಬೇಕಾಗಿಲ್ಲ ಅಷ್ಟೇ, ಪ್ರಶ್ನೆಗೆ ಉತ್ತರ ಮಾತ್ರ “ಹೌದು”. ಇಷ್ಟು ಸರಳ ವಿಷಯವನ್ನು ತಪ್ಪು ತಿಳಿಸಿ ಇನ್ನೊಬ್ಬರ ಬದುಕಿನ ಜೊತೆ ಆಟ ಆಡಬೇಡಿ.

ವರ್ಜೀನಿಯಾ_ವಾಸಿ:
“ಸಣ್ಣ ಟಿಕೆಟ್ ಕ್ರೈಮ್ ಅಲ್ಲ” ಅಂದಿದ್ದೀರಲ್ಲ ಕಾವೇರಿ ಮೇಡಂ, ಯಾವ ರಾಜ್ಯದಲ್ಲಿ? ಪ್ರಶ್ನೆ ಕೇಳಿದವರು ಇರುವ ಟೆಕ್ಸಸ್‌ನಲ್ಲಿ ಸ್ಪೀಡಿಂಗೇ ಕ್ಲಾಸ್ ಸಿ ಮಿಸ್‌ಡಿಮೀನರ್, ಅಂದರೆ ಸಣ್ಣ ದರ್ಜೆಯ ಅಪರಾಧ. ನನ್ನ ಕಥೆ ಕೇಳಿ. 2019ರಲ್ಲಿ ವರ್ಜೀನಿಯಾದಲ್ಲಿ ಗಂಟೆಗೆ 70 ಮೈಲಿ ಮಿತಿಯ ರಸ್ತೆಯಲ್ಲಿ 82ರಲ್ಲಿ ಹೋಗುತ್ತಿದ್ದೆ. ಆಗ 80 ದಾಟಿದರೆ ರೆಕ್‌ಲೆಸ್ ಡ್ರೈವಿಂಗ್, ಅಂದರೆ ಬೇಜವಾಬ್ದಾರಿಯಿಂದ ಓಡಿಸುವುದು. ಅದು ಬರೀ ಟಿಕೆಟ್ ಅಲ್ಲ, ಕ್ಲಾಸ್ 1 ಮಿಸ್‌ಡಿಮೀನರ್. 12 ತಿಂಗಳ ಜೈಲು, 2,500 ಡಾಲರ್ ದಂಡದವರೆಗೆ ಶಿಕ್ಷೆ ಇದೆ. 2020ರ ಜುಲೈಯಿಂದ ಆ ಮಿತಿ 85 ಆಯಿತು, ನನಗೆ ಅದರ ಲಾಭ ಸಿಗಲಿಲ್ಲ. ಕೋರ್ಟಿನಲ್ಲಿ ನಿಂತು ದಂಡ ಕಟ್ಟಿದೆ. ಕೈಗೆ ಕೊಟ್ಟಿದ್ದು ನೋಡಲು ಮಾಮೂಲಿ ಟಿಕೆಟ್ ಥರವೇ ಇತ್ತು. ಅದಕ್ಕೇ ಹೇಳುತ್ತೇನೆ, ಚೀಟಿಯ ಮೇಲೆ ಯಾವ ಕಾನೂನಿನ ನಂಬರ್ ಇದೆ ಅಂತ ನೋಡಿ.

ಕಾವೇರಿ_ತೀರ:
ನಿಮಗೂ ಸಿಟಿಜನ್‌ಶಿಪ್ ಸಿಕ್ಕಿತು ತಾನೇ? ಹಾಗಾದರೆ ನಾನು ಹೇಳಿದ್ದೇ ನಿಜ ಆಯಿತಲ್ಲ.

ವರ್ಜೀನಿಯಾ_ವಾಸಿ:
ಸಿಕ್ಕಿದ್ದು ಮುಚ್ಚಿಟ್ಟಿದ್ದಕ್ಕಲ್ಲ ಮೇಡಂ. ಕೇಸ್ ಹೇಗೆ ಮುಗಿಯಿತು ಅಂತ ತೋರಿಸುವ, ಕೋರ್ಟಿನಿಂದ ಸೀಲ್ ಹಾಕಿಸಿದ ಡಿಸ್ಪೊಸಿಷನ್ ಕಾಗದ ತೆಗೆದುಕೊಂಡು ಹೋಗಿ, ಕೇಳುವ ಮೊದಲೇ ಮೇಜಿನ ಮೇಲಿಟ್ಟೆ.

ಹಂಪಿ_ಹುಡುಗಿ:
ನಾನು ಲಾಯರ್ ಅಲ್ಲ, ಲಾಯರ್ ಆಫೀಸಿನಲ್ಲಿ ಫೈಲ್ ಜೋಡಿಸುವ ಕೆಲಸ ನನ್ನದು. ಮೂಲ ಪೋಸ್ಟ್ ಹಾಕಿದ ಅಣ್ಣನಿಗೆ ಎರಡು ಮಾತು. ಫಾರ್ಮ್‌ನಲ್ಲಿ ತಪ್ಪಾಗಿ “ಇಲ್ಲ” ಬಿದ್ದಿದ್ದರೆ ಇಂಟರ್‌ವ್ಯೂನಲ್ಲಿ ತಿದ್ದಬಹುದು. ಪ್ರಮಾಣ ಮಾಡಿಸಿದ ಮೇಲೆ ಆಫೀಸರ್ ಫಾರ್ಮ್ ಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಗೆ ಬಂದಾಗ “ಇದು ತಪ್ಪಾಗಿದೆ, ಎರಡು ಟಿಕೆಟ್ ಇವೆ” ಅನ್ನಿ. ತಿದ್ದಿದ್ದನ್ನೆಲ್ಲ ಸೇರಿಸಿ ಕೊನೆಗೆ ನಿಮ್ಮ ಸಹಿ ತೆಗೆದುಕೊಳ್ಳುತ್ತಾರೆ. ವಜಾ ಆಗಿದ್ದನ್ನೂ ಹೇಳಬೇಕು. ಪ್ರಶ್ನೆ ಟಿಕೆಟ್ ಕೊಟ್ಟರಾ ಅಂತ, ಶಿಕ್ಷೆ ಆಯಿತಾ ಅಂತ ಅಲ್ಲ.
ಕಾವೇರಿ ಅಕ್ಕನ 2016ರ ಅನುಭವ ಈಗ ನಂಬಬೇಡಿ. 2025ರ ಆಗಸ್ಟ್ 15ರಂದು ಸಿಟಿಜನ್‌ಶಿಪ್ ಅರ್ಜಿ ನೋಡುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್ ಹೊಸ ಸೂಚನೆ ಹೊರಡಿಸಿದೆ. ಸಿಟಿಜನ್‌ಶಿಪ್‌ಗೆ ಬೇಕಾದ ಒಳ್ಳೆಯ ನಡತೆ ನೋಡುವಾಗ ಆಫೀಸರ್ ಒಟ್ಟು ಬದುಕನ್ನೇ ಅಳೆಯಬೇಕಂತೆ. ಅದರಲ್ಲಿ “ರೆಕ್‌ಲೆಸ್ ಅಥವಾ ಹ್ಯಾಬಿಚುವಲ್” (ಬೇಜವಾಬ್ದಾರಿಯ ಅಥವಾ ಚಾಳಿಯಾಗಿ ಮಾಡುವ) ಟ್ರಾಫಿಕ್ ತಪ್ಪುಗಳು ಅಂತ ಬಾಯಿಬಿಟ್ಟು ಹೇಳಿದ್ದಾರೆ.

ಸತ್ಯವಾದಿ_ಶಿವಮೊಗ್ಗ:
“ಹ್ಯಾಬಿಚುವಲ್”! ಇದೇ ನೋಡಿ. ಅಮೆರಿಕದಲ್ಲಿ ಎರಡು, ಬೆಂಗಳೂರಿನಲ್ಲಿ ಒಂಬತ್ತು. ಒಟ್ಟು ಹನ್ನೊಂದು. ಹನ್ನೊಂದು ಸಲ ಮಾಡಿದ್ದನ್ನು ಚಾಳಿ ಅನ್ನದೆ ಇನ್ನೇನು ಅನ್ನಬೇಕು? ಫಾರ್ಮ್‌ನ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಅಲ್ಲ, ಬೇರೆ ಕಡೆಯದ್ದೂ ಸೇರುತ್ತದೆ. ಹನ್ನೊಂದನ್ನೂ ಬರೆದುಕೊಡಿ.

ಜರ್ಸಿ_ಜೋಳದರೊಟ್ಟಿ:
ರೀ, ಯಾವ ಲೆಕ್ಕ ಇದು? ಒಂಬತ್ತು ಅವರ ತಮ್ಮನದ್ದು. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ಮುಖ ಹಿಡಿಯುವುದಿಲ್ಲ. ಪ್ರಶ್ನೆ “ನಿಮಗೆ” ಟಿಕೆಟ್ ಕೊಟ್ಟಿದ್ದಾರಾ ಅಂತ ಇದೆ, “ನಿಮ್ಮ ಬೈಕಿಗೆ” ಅಂತ ಇಲ್ಲ.

ಸತ್ಯವಾದಿ_ಶಿವಮೊಗ್ಗ:
ಬೈಕ್ ಯಾರ ಹೆಸರಿನಲ್ಲಿದೆ? ನೋಟಿಸ್ ಯಾರ ಹೆಸರಿಗೆ ಬಂತು? ದಂಡದ ರಸೀದಿ ಯಾರ ಹೆಸರಿನಲ್ಲಿದೆ? ಕಟ್ಟಿದ ಮೇಲೆ ಒಪ್ಪಿಕೊಂಡ ಹಾಗೆ.

ಜಯನಗರ_4ನೇ_ಬ್ಲಾಕ್:
“ಕಟ್ಟಿದ ಮೇಲೆ ಒಪ್ಪಿಕೊಂಡ ಹಾಗೆ” ಅನ್ನುವುದು ತಪ್ಪು. ಇಲ್ಲಿ ಬೆಂಗಳೂರಿನಲ್ಲಿ ಕೂತು ಹೇಳುತ್ತಿದ್ದೇನೆ. 2023ರ ಫೆಬ್ರವರಿಯಲ್ಲಿ 50% ರಿಯಾಯಿತಿ ಕೊಟ್ಟರು, ಜನ ಸಾಲುಗಟ್ಟಿ ನಿಂತು ಕಟ್ಟಿದರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ನನ್ನ ಸ್ಕೂಟರ್ ಮೇಲೂ ಆರು ಇದ್ದವು, ಮೂರು ನನ್ನ ಮಗಳು ಮಾಡಿದ್ದು. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಇದು ಕಾಂಪೌಂಡಿಂಗ್, ಅಂದರೆ ದಂಡ ಕಟ್ಟಿ ರಾಜಿ. ಇದನ್ನು ಕೋರ್ಟ್ ಶಿಕ್ಷೆ ಅನ್ನುವುದಿಲ್ಲ.

ಸತ್ಯವಾದಿ_ಶಿವಮೊಗ್ಗ:
ಶಿಕ್ಷೆಯ ಮಾತು ನಾನೆಲ್ಲಿ ಎತ್ತಿದೆ ಸರ್? ಹಂಪಿಯವರು ಆಗಲೇ ಹೇಳಿದ್ದಾರೆ, ಪ್ರಶ್ನೆ ಟಿಕೆಟ್ ಕೊಟ್ಟಿದ್ದರ ಬಗ್ಗೆ. ರಾಜಿ ಆದರೂ ಮೊದಲು ಕೇಸ್ ಆಗಿರಲೇಬೇಕಲ್ಲ. ನೀವೇ ನನ್ನ ಮಾತನ್ನು ಸಾಬೀತು ಮಾಡಿದಿರಿ.

ಜರ್ಸಿ_ಜೋಳದರೊಟ್ಟಿ:
ಅದೇ ಕಾಯ್ದೆಯ 129ನೇ ಸೆಕ್ಷನ್ ಓದಿ. ಹೆಲ್ಮೆಟ್ ಹಾಕಬೇಕಾದವರು ಬೈಕ್ ಓಡಿಸುವವರು, ಹಿಂದೆ ಕೂರುವವರು. ಟೆಕ್ಸಸ್‌ನಲ್ಲಿ ಕೂತ ಓನರ್ ತಲೆಗೆ ಬೆಂಗಳೂರಿನ ಹೆಲ್ಮೆಟ್ ಹೇಗೆ ಹಾಕುತ್ತೀರಿ? 133ನೇ ಸೆಕ್ಷನ್ ನೋಡಿ, ಓಡಿಸಿದ್ದು ಯಾರು ಅಂತ ಪೊಲೀಸರು ಓನರ್‌ನ ಕೇಳಬಹುದು. ಓನರ್ ಬೇರೆ, ಡ್ರೈವರ್ ಬೇರೆ ಅಂತ ಕಾನೂನಿಗೇ ಗೊತ್ತಿದೆ. ನಿಮಗೆ ಮಾತ್ರ ಗೊತ್ತಿಲ್ಲ.

ಸತ್ಯವಾದಿ_ಶಿವಮೊಗ್ಗ:
“ಪೊಲೀಸರು ಓನರ್‌ನ ಕೇಳಬಹುದು.” ಸರಿ, ಇವರು ತಮ್ಮನ ಹೆಸರು ಕೊಟ್ಟರಾ? ಕೊಡಲಿಲ್ಲ. ಅರ್ಧ ರೇಟಿಗೆ ಸಿಕ್ಕಿತು ಅಂತ ಸ್ವಂತ ಹೆಸರಿನಲ್ಲೇ ಕಟ್ಟಿಸಿದರು. ಅಗ್ಗ ಸಿಕ್ಕಿದಾಗ ಬೈಕ್ ನನ್ನದು, ಇಂಟರ್‌ವ್ಯೂನಲ್ಲಿ ತಮ್ಮನದು. ಇದು ಯಾವ ನ್ಯಾಯ? ನೀವು ಜನರಿಗೆ ಸುಳ್ಳು ಹೇಳುವುದನ್ನು ಕಲಿಸುತ್ತಿದ್ದೀರಿ.

ಜರ್ಸಿ_ಜೋಳದರೊಟ್ಟಿ:
ಸುಳ್ಳು ಕಲಿಸುತ್ತಿದ್ದೇನಾ? ಮಾತು ವಾಪಸ್ ತೆಗೆದುಕೊಳ್ಳಿ. ಹದಿನೆಂಟು ವರ್ಷದಿಂದ ಈ ದೇಶದಲ್ಲಿದ್ದೇನೆ, ಒಂದು ಕಾಗದದಲ್ಲೂ ಸುಳ್ಳು ಬರೆದವನಲ್ಲ. ಮಾಡದ ತಪ್ಪನ್ನು ಮಾಡಿದೆ ಅನ್ನುವುದೂ ಸುಳ್ಳೇ ರೀ. ಪ್ರಮಾಣ ಮಾಡಿ “ನಾನು ಒಂಬತ್ತು ಸಲ ಸಿಕ್ಕಿಬಿದ್ದೆ” ಅಂದರೆ ಅದೇನು ಸತ್ಯವಾ?

ವರ್ಜೀನಿಯಾ_ವಾಸಿ:
ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಆ ಮನುಷ್ಯ ಟೆಕ್ಸಸ್ ಟಿಕೆಟ್ ಬಗ್ಗೆ ಹೆದರಿ ಬಂದಿದ್ದಾರೆ. ಮೊದಲು ಅದಕ್ಕೆ ಉತ್ತರ ಕೊಡೋಣ.

ಕಾವೇರಿ_ತೀರ:
ಅದಕ್ಕೆ ನಾನು ಆಗಲೇ ಉತ್ತರ ಕೊಟ್ಟಿದ್ದೇನೆ. ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಮಾಸ್ಲೆನ್ಯಾಕ್ ಕೇಸ್‌ನಲ್ಲಿ ಹೇಳಿಲ್ಲವಾ? ಹೇಳಿದ ಸುಳ್ಳಿಗೂ ಸಿಟಿಜನ್‌ಶಿಪ್ ಸಿಕ್ಕಿದ್ದಕ್ಕೂ ಸಂಬಂಧ ಇದ್ದರೆ ಮಾತ್ರ ಅದನ್ನು ಕಿತ್ತುಕೊಳ್ಳಬಹುದು ಅಂತ. 210 ಡಾಲರ್ ಟಿಕೆಟ್‌ಗೆ ಯಾರೂ ಅರ್ಜಿ ತಿರಸ್ಕರಿಸುತ್ತಿರಲಿಲ್ಲ. ಹಾಗಾಗಿ ಹೇಳಿದರೂ ಒಂದೇ, ಬಿಟ್ಟರೂ ಒಂದೇ.

ಹಂಪಿ_ಹುಡುಗಿ:
ಅಕ್ಕಾ, ಅದು ಸಿಟಿಜನ್ ಆದವರಿಂದ ಅದನ್ನು ಕಿತ್ತುಕೊಳ್ಳುವಾಗಿನ ಮಾತು. ಈ ಅಣ್ಣ ಇನ್ನೂ ಆಗಿಲ್ಲ. 1988ರ ಕುಂಗಿಸ್ ಕೇಸ್ ಓದಿ. ಪ್ರಮಾಣ ಮಾಡಿ ಬಾಯಲ್ಲಿ ಸುಳ್ಳು ಹೇಳಿದರೆ, ಲಾಭಕ್ಕಾಗಿ ಹೇಳಿದ್ದರೆ, ಆ ಸುಳ್ಳು ಎಷ್ಟು ಸಣ್ಣದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಒಳ್ಳೆಯ ನಡತೆ ಇಲ್ಲ ಅಂತ ತೀರ್ಮಾನ ಆಗುತ್ತದೆ. ಟಿಕೆಟ್‌ನಿಂದ ಹೋಗದ ಸಿಟಿಜನ್‌ಶಿಪ್ ಟಿಕೆಟ್ ಬಗ್ಗೆ ಹೇಳಿದ ಸುಳ್ಳಿನಿಂದ ಹೋಗಬಹುದು.

ಕಾವೇರಿ_ತೀರ:
“ಬಾಯಲ್ಲಿ” ಅಂತ ನೀನೇ ಹೇಳಿದೆ. ಅದೇ ತೀರ್ಪು ಬಾಯಲ್ಲಿ ಹೇಳಿದ್ದಕ್ಕೆ ಮಾತ್ರ ಅನ್ವಯ, ಬರೆದಿದ್ದಕ್ಕಲ್ಲ. ಇವರು ಬರೆದಿದ್ದಾರೆ.

ಹಂಪಿ_ಹುಡುಗಿ:
ಅದಕ್ಕೇ ಅಲ್ವಾ ಬಾಯಲ್ಲಿ ಸರಿಯಾಗಿ ಹೇಳಿ ಅನ್ನುತ್ತಿರುವುದು!
ಇಂಟರ್‌ವ್ಯೂ ಮುಗಿದರೂ ಇದು ಮುಗಿಯುವುದಿಲ್ಲ. ಪ್ರಮಾಣವಚನದ ದಿನ ಎನ್-445 ಅಂತ ಒಂದು ಫಾರ್ಮ್ ತುಂಬಬೇಕು. ಇಂಟರ್‌ವ್ಯೂ ಆದ ಮೇಲೆ ಯಾವುದಾದರೂ ಕಾನೂನು ಮುರಿದಿದ್ದಕ್ಕೆ ಟಿಕೆಟ್, ದಂಡ ಆಗಿದೆಯಾ ಅಂತ ಕೇಳುತ್ತದೆ. ಟ್ರಾಫಿಕ್ ತಪ್ಪುಗಳೂ ಸೇರಿ ಅಂತ ಅದರಲ್ಲೇ ಅಚ್ಚು ಹಾಕಿದ್ದಾರೆ. ಆ ಕೆಲವು ವಾರ ಗಾಡಿ ನಿಧಾನವಾಗಿ ಓಡಿಸಿ.

ಜರ್ಸಿ_ಜೋಳದರೊಟ್ಟಿ:
ಟ್ರಾಫಿಕ್ ತಪ್ಪು ಅಂದರೆ ಎಲ್ಲವೂ ಒಂದೇ ತೂಕ ಅಲ್ಲ. ನಮ್ಮ ನ್ಯೂಜರ್ಸಿಯಲ್ಲಿ ಕುಡಿದು ಓಡಿಸುವುದು ಕಾನೂನಿನ ಪ್ರಕಾರ ಬರೀ ಟ್ರಾಫಿಕ್ ತಪ್ಪು, ಕ್ರೈಮ್ ಅಲ್ಲ. ಆದರೂ ಸಿಟಿಜನ್‌ಶಿಪ್ ವಿಷಯಕ್ಕೆ ಅದು ಗಂಭೀರ. 2019ರಲ್ಲಿ ಕಾಸ್ಟಿಯೋ-ಪೆರೆಸ್ ಕೇಸ್‌ನಲ್ಲಿ ಅಟಾರ್ನಿ ಜನರಲ್ ಹೇಳಿದ್ದು ಇದೇ: ನಡತೆ ನೋಡುವ ಅವಧಿಯಲ್ಲಿ ಕುಡಿದು ಓಡಿಸಿದ್ದಕ್ಕೆ ಎರಡು ಶಿಕ್ಷೆ ಆಗಿದ್ದರೆ ಒಳ್ಳೆಯ ನಡತೆ ಇಲ್ಲ ಅಂತಲೇ ಶುರು ಮಾಡುತ್ತಾರೆ. ಅದನ್ನೂ ಹೆಲ್ಮೆಟ್ ದಂಡವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹನ್ನೊಂದು ಅನ್ನುವುದು ಅನ್ಯಾಯ.

ಸತ್ಯವಾದಿ_ಶಿವಮೊಗ್ಗ:
“ಹನ್ನೊಂದು” ನಾನು ಕಟ್ಟಿದ ಕಥೆಯಲ್ಲ, ಅವರೇ ಕೊಟ್ಟ ಲೆಕ್ಕ. ಕುಡಿತದ ಮಾತು ಯಾರೂ ಕೇಳಿರಲಿಲ್ಲ, ದಾರಿ ತಪ್ಪಿಸಬೇಡಿ.

ಜಯನಗರ_4ನೇ_ಬ್ಲಾಕ್:
ಜಗಳ ಬಿಡಿ, ಒಂದು ಕೆಲಸ ಮಾಡಿ. ಇಲ್ಲಿಯ ಪೊಲೀಸರ ಆನ್‌ಲೈನ್ ವ್ಯವಸ್ಥೆಯಲ್ಲಿ ಕ್ಯಾಮೆರಾ ಕೇಸ್‌ಗಳ ಫೋಟೊ ಸಿಗುತ್ತದೆ. ನಿಮ್ಮ ತಮ್ಮನಿಗೆ ಒಂಬತ್ತನ್ನೂ ತೆಗೆದು ಕಳಿಸಲು ಹೇಳಿ. ಫೋಟೊದಲ್ಲಿ ಯಾರಿದ್ದಾರೆ ಅಂತ ಕಾಣಿಸುತ್ತದೆ.

ಸತ್ಯವಾದಿ_ಶಿವಮೊಗ್ಗ:
ಹೆಲ್ಮೆಟ್ ಇಲ್ಲದಿದ್ದರೆ ಮುಖ ಚೆನ್ನಾಗಿಯೇ ಕಾಣಿಸಬೇಕು. ಮೊನ್ನೆ ಮುಖ ಹಿಡಿಯುವುದಿಲ್ಲ ಅಂದವರು ಗಮನಿಸಲಿ.

ತುಮಕೂರು_ಟು_ಟೆಕ್ಸಸ್:
ಎರಡು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಟೆಕ್ಸಸ್‌ನ ಎರಡೂ ಕೋರ್ಟಿಗೆ ಹೋಗಿ ಸೀಲ್ ಹಾಕಿದ ಪ್ರತಿ ತಂದೆ. ವಜಾ ಆಗಿದ್ದಕ್ಕೂ ಕೊಟ್ಟರು.
ತಮ್ಮ ಫೋಟೊ ಕಳಿಸಿದ. ಎಂಟರಲ್ಲಿ ಅವನೇ ಇದ್ದಾನೆ, ಎರಡರಲ್ಲಿ ಹಿಂದೆ ಅಮ್ಮನನ್ನೂ ಕೂರಿಸಿಕೊಂಡಿದ್ದಾನೆ. ನೋಡಿ ಬೈದೆ. ಒಂಬತ್ತನೆಯದಕ್ಕೆ ಫೋಟೊ ಇಲ್ಲ. ತಾರೀಕು ನೋಡಿದರೆ 2023ರ ಡಿಸೆಂಬರ್, ನಾನು ರಜೆಗೆ ಊರಿಗೆ ಹೋಗಿದ್ದಾಗಿನದು. ಆಗ ನೆನಪಾಯಿತು. ಮಾವನ ಮನೆಗೆ ಹೋಗುವಾಗ ಸಿಗ್ನಲ್ ಹತ್ತಿರ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿ ನಿಲ್ಲಿಸಿದ್ದರು. ಹೆಲ್ಮೆಟ್ ಇರಲಿಲ್ಲ. ಮಷಿನ್‌ನಿಂದ ಚೀಟಿ ತೆಗೆದು ಕೊಟ್ಟರು. ಕೈಯಲ್ಲಿ ದುಡ್ಡಿರಲಿಲ್ಲ, ಆಮೇಲೆ ಕಟ್ಟುತ್ತೇನೆ ಅಂದು ಮರೆತೆ.

ಸತ್ಯವಾದಿ_ಶಿವಮೊಗ್ಗ:
ನಾನು ಮೊದಲ ದಿನವೇ ಹೇಳಿದ್ದೆ. ಬೆಂಗಳೂರಿನದ್ದನ್ನೂ ಹೇಳಬೇಕು ಅಂತ.

ಜರ್ಸಿ_ಜೋಳದರೊಟ್ಟಿ:
ನೀವು ಹೇಳಿದ್ದು ಒಂಬತ್ತನ್ನೂ ಅಂತ. ಎಂಟು ತಮ್ಮನದ್ದೇ ಆದವು. ಸುಳ್ಳು ಕಲಿಸುತ್ತೇನೆ ಅಂದಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಕಾವೇರಿ_ತೀರ:
ಹೇಳುವುದಾದರೆ ಹೇಳಿಬಿಡಿ ಬಿಡಿ, ಆಫೀಸರ್ ಒಂದು ನಿಮಿಷದಲ್ಲಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಾನೂ ಅದನ್ನೇ ಹೇಳಿದ್ದು, ಇದೇನೂ ದೊಡ್ಡ ವಿಷಯ ಅಲ್ಲ ಅಂತ.

ಹಂಪಿ_ಹುಡುಗಿ:
ಅಣ್ಣಾ, ಆ ಒಂದು ಕೇಸಿನ ರಸೀದಿ ಪ್ರಿಂಟ್ ತೆಗೆಯಿರಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದ ಮಾಡಿದವರ ಸಹಿ ಇರಲಿ. ತಮ್ಮನ ಎಂಟರ ವಿಷಯ ಲಾಯರ್ ಹತ್ತಿರ ಒಂದು ಸಲ ಕೇಳಿ, ಫೋಟೊಗಳನ್ನು ಫೈಲ್‌ನಲ್ಲಿ ಇಟ್ಟುಕೊಳ್ಳಿ.

ತುಮಕೂರು_ಟು_ಟೆಕ್ಸಸ್:
ಆಯಿತಮ್ಮಾ. ಅನುವಾದ ಇಲ್ಲಿ ಯಾರಾದರೂ ಮಾಡಿಕೊಡಬಹುದಾ? ನಾನೇ ಮಾಡಿದರೆ ಒಪ್ಪುತ್ತಾರೋ ಇಲ್ಲವೋ ಅಂತ ಭಯ. ಬೈಕನ್ನು ತಮ್ಮನ ಹೆಸರಿಗೆ ಮಾಡಿಸುವ ಅರ್ಜಿ ನಿನ್ನೆಯೇ ಕಳಿಸಿದ್ದೇನೆ.

ವರ್ಜೀನಿಯಾ_ವಾಸಿ:
ನಾನು ಮಾಡಿಕೊಡುತ್ತೇನೆ. ಹೆಸರು, ಬೈಕ್ ನಂಬರ್ ಇಲ್ಲಿ ಹಾಕಬೇಡಿ, ಮೆಸೇಜ್‌ನಲ್ಲಿ ಕಳಿಸಿ.