ಶಾಖೆಯ ದಾಖಲೆ ತೆರೆಯುತ್ತದೆ, ಒಳಗಿನ ಪುಟಗಳಿಗೆ ಮಾತ್ರ ಇಂಡೆಕ್ಸ್ ಇಲ್ಲ

ಪ್ರಶ್ನೆ (ಗದಗ):
ನಮಸ್ಕಾರ. ನಮ್ಮ ಸಹಕಾರಿ ಸಂಸ್ಥೆಯ ಲೆಡ್ಜರ್ ವರದಿಗಳನ್ನು, ವರದಿ ಸಂಗ್ರಹಿಸಿ ಹುಡುಕಿಕೊಡುವ ತಂತ್ರಾಂಶವಾದ ಐಬಿಎಂ ಕಂಟೆಂಟ್ ಮ್ಯಾನೇಜರ್ ಆನ್‌ಡಿಮಾಂಡ್‌ನಲ್ಲಿ ಇಡುತ್ತಿದ್ದೇವೆ. ಶಾಖೆ ಮತ್ತು ದಿನಾಂಕ ಕೊಟ್ಟರೆ ದಾಖಲೆ ಸಿಗುತ್ತದೆ. ಆದರೆ ರೋಣ ಶಾಖೆಯದೊಂದೇ 600 ಪುಟ ದಾಟಿರುವುದರಿಂದ, ಒಬ್ಬ ಸದಸ್ಯರ ಖಾತೆ ನೋಡಬೇಕೆಂದರೆ ಗುಮಾಸ್ತರು ಪುಟ ತಿರುವುತ್ತಲೇ ಕೂರಬೇಕಾಗಿದೆ. ಖಾತೆ ಸಂಖ್ಯೆಯನ್ನೂ ಗ್ರೂಪ್ ಇಂಡೆಕ್ಸ್ ಮಾಡಿ ನೋಡಿದೆ. ಲೆಡ್ಜರ್ ಸಾವಿರಾರು ಚೂರುಗಳಾಗಿ, ಶಾಖೆಯ ಮೊತ್ತದ ಪುಟ ಎಲ್ಲೋ ಒಂದು ಕಡೆ ಉಳಿಯಿತು. ಈಗ ಹಳೆಯ ಸ್ಥಿತಿಗೇ ಮರಳಿದ್ದೇನೆ. ಸೆಟ್ಟಿಂಗ್‌ನಲ್ಲಿ ‘ಕನ್ವರ್ಟ್=ನೋ’ ಎಂದಿದೆ.

ಉತ್ತರ (ಹುಬ್ಬಳ್ಳಿ):
ತಾವು ಮರಳಿದ್ದು ಸರಿಯಾಯಿತು, ಸರ್. ಗ್ರೂಪ್ ಇಂಡೆಕ್ಸ್‌ನ ಕೆಲಸ ದಾಖಲೆಗಳನ್ನು ಬೇರ್ಪಡಿಸುವುದು. ತಮಗೆ ಬೇಕಾಗಿರುವುದು ದಾಖಲೆಯನ್ನು ಒಡೆಯದೆ ಅದರೊಳಗೆ ಗುರುತು ಹಾಕುವ ಪೇಜ್ ಇಂಡೆಕ್ಸ್. ವರದಿಗಳಿಗೆ ಇಂಡೆಕ್ಸ್ ಹಾಕುವ ಪ್ರೋಗ್ರಾಂ ಆದ ಏಸಿಫ್, ಇದನ್ನು ಲೈನ್ ಡೇಟಾವನ್ನು (ಸಾಲುಸಾಲಾದ ಸಾದಾ ಪಠ್ಯವನ್ನು) ಎಎಫ್‌ಪಿಗೆ (ಐಬಿಎಂನ ಪುಟ ಮುದ್ರಣ ರೂಪಕ್ಕೆ) ಪರಿವರ್ತಿಸುವಾಗ ಮಾತ್ರ ಸೃಷ್ಟಿಸುತ್ತದೆ. ಹಾಗಾಗಿ ‘ಕನ್ವರ್ಟ್=ಯೆಸ್’ ಮಾಡಿ, ಖಾತೆ ಸಂಖ್ಯೆಯ ಇಂಡೆಕ್ಸ್‌ಗೆ ‘ಟೈಪ್=ಪೇಜ್’ ಕೊಟ್ಟು, ಅದರ ಫೀಲ್ಡ್ ಅನ್ನು ‘ಟೈಪ್=ಫ್ಲೋಟ್’ ಇರುವ ಪ್ರತ್ಯೇಕ ಟ್ರಿಗರ್‌ಗೆ (ಏಸಿಫ್ ವರದಿಯಲ್ಲಿ ಹುಡುಕುವ ಗುರುತಿನ ಪಠ್ಯಕ್ಕೆ) ಕಟ್ಟಬೇಕು. ‘ಇಂಡೆಕ್ಸ್‌ಆಬ್ಜ್=ಆಲ್’ ಎಂಬ ಸಾಲನ್ನು ದಯವಿಟ್ಟು ಮರೆಯಬೇಡಿ; ಅದರ ಡೀಫಾಲ್ಟ್ ಮೌಲ್ಯ ‘ಗ್ರೂಪ್’ ಆಗಿರುವುದರಿಂದ, ಉಳಿದದ್ದೆಲ್ಲ ಸರಿಯಿದ್ದೂ ಪುಟದ ಗುರುತುಗಳು ಕಾಣದೆ ನಾನೇ ಒಂದು ದಿನ ಕಳೆದಿದ್ದೇನೆ.

ಪ್ರಶ್ನೆ (ಗದಗ):
ಹಾಗೆಯೇ ಮಾಡಿದೆ, ಗುರುತುಗಳು ಬಂದವು. ಆದರೆ ಹುಡುಕುವ ಪರದೆಯಲ್ಲಿ ಖಾತೆ ಸಂಖ್ಯೆಯ ಕಾಲಂ ಇಲ್ಲ. ಜೊತೆಗೆ ಪ್ರತಿ ಪುಟದ ಕೊನೆಯ ಆರು ಸಾಲುಗಳು ಮುಂದಿನ ಪುಟಕ್ಕೆ ಜಾರುತ್ತಿವೆ.

ಉತ್ತರ (ಹುಬ್ಬಳ್ಳಿ):
ಮೊದಲನೆಯದು ದೋಷವಲ್ಲ. ಪೇಜ್ ಇಂಡೆಕ್ಸ್ ಡೇಟಾಬೇಸ್‌ಗೆ ಹೋಗುವುದಿಲ್ಲ, ದಾಖಲೆಯ ಜೊತೆಗೇ ಇರುತ್ತದೆ. ಆದ್ದರಿಂದ ಶಾಖೆ ಮತ್ತು ದಿನಾಂಕದಿಂದ ದಾಖಲೆ ತೆರೆದ ಮೇಲೆಯೇ ‘ಗೋ ಟು’ ಪಟ್ಟಿಯಲ್ಲಿ ಖಾತೆ ಸಂಖ್ಯೆಯನ್ನು ಆರಿಸಿಕೊಳ್ಳಬೇಕು.

ಎರಡನೆಯದು ಪೇಜ್‌ಡೆಫ್‌ನ, ಅಂದರೆ ಪುಟದಲ್ಲಿ ಸಾಲುಗಳು ಎಲ್ಲಿ, ಎಷ್ಟು ಬರಬೇಕೆಂದು ಹೇಳುವ ವಿನ್ಯಾಸದ ತೊಂದರೆ. 11 ಇಂಚಿನ ಕಾಗದದಲ್ಲಿ ಇಂಚಿಗೆ 6 ಸಾಲಿನಂತೆ 66 ಸಾಲುಗಳಾಗುತ್ತವೆ. 132 ಅಕ್ಷರ ಅಗಲದ ಹಳೆಯ ವರದಿಗಳು ಬಹುತೇಕ ಈ ಲೆಕ್ಕಕ್ಕೇ ಬರೆದವು. ತಾವು ಆರಿಸಿರುವ ಪೇಜ್‌ಡೆಫ್ 60 ಸಾಲಿನದಾಗಿರಬೇಕು, ಮಿಕ್ಕಿದ್ದು ಹೊಸ ಪುಟಕ್ಕೆ ಹೋಗುತ್ತಿದೆ. 66 ಸಾಲು ಹಿಡಿಯುವ, ಅಡ್ಡ ಪುಟದ ಪೇಜ್‌ಡೆಫ್ ಹಾಕಿ ನೋಡಿ.

ಪ್ರಶ್ನೆ (ಗದಗ):
ಪೇಜ್‌ಡೆಫ್ ಬದಲಿಸಿದ ಮೇಲೆ ಸಾಲುಗಳು ಸರಿಯಾದವು. ಈ ಮೊದಲೇ ಲೋಡ್ ಆಗಿರುವ ವರದಿಗಳಿಗೂ ಇದು ಅನ್ವಯಿಸುವುದೇ?

ಉತ್ತರ (ಹುಬ್ಬಳ್ಳಿ):
ಇಲ್ಲ. ಇಂಡೆಕ್ಸ್ ಆಗುವುದು ಲೋಡ್ ಮಾಡುವಾಗ ಮಾತ್ರ. ಮೂಲ ಸ್ಪೂಲ್ ಫೈಲುಗಳು (ಮುದ್ರಣಕ್ಕೆಂದು ತಯಾರಾದ ವರದಿಯ ಫೈಲುಗಳು) ತಮ್ಮಲ್ಲಿದ್ದರೆ, ಹಳೆಯ ಲೋಡ್ ಅನ್ನು ಅನ್‌ಲೋಡ್ ಮಾಡಿ ಮತ್ತೆ ಲೋಡ್ ಮಾಡಬೇಕು. ಆಡಿಟ್‌ಗೆ ಪದೇ ಪದೇ ಕೇಳುವ ವರ್ಷಗಳಿಂದ ಆರಂಭಿಸಿ.