ಪವಿತ್ರ ಗುರುವಾರದಂದು ಚುನಾವಣಾ ಕರ್ತವ್ಯ: ವಿನಾಯಿತಿ ಕೇಳಬಹುದೇ?

ಪ್ರಶ್ನೆ

2019ರ ಏಪ್ರಿಲ್ 18ರಂದು ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಅಂದೇ ಪವಿತ್ರ ಗುರುವಾರ, ಅಂದರೆ ಯೇಸು ಶಿಷ್ಯರ ಪಾದ ತೊಳೆದು ಕೊನೆಯ ಭೋಜನ ಮಾಡಿದ್ದನ್ನು ಕ್ರೈಸ್ತರಾದ ನಾವು ಸ್ಮರಿಸುವ ದಿನ. ಸರ್ಕಾರಿ ಶಾಲೆಯ ಶಿಕ್ಷಕಿಯಾದ ನಾನು ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಿಂದ (ಚುನಾವಣಾ ಸಿಬ್ಬಂದಿಗೆ ಸಾಮಗ್ರಿ ಕೊಟ್ಟು ಕಳುಹಿಸುವ ಸ್ಥಳ) ಮತಗಟ್ಟೆಗೆ ಹೊರಟವಳು, ಮರುದಿನ ಸಂಜೆ ಆರಕ್ಕೆ ಮತದಾನ ಮುಗಿದ ಮೇಲೆ ಮತಯಂತ್ರಗಳಿಗೆ ಮೊಹರು ಹಾಕಿ, ಎಲ್ಲವನ್ನೂ ಮರಳಿ ಒಪ್ಪಿಸಿ ಮನೆ ಸೇರುವಾಗ ನಡುರಾತ್ರಿ ಕಳೆದಿತ್ತು. ಪಾದ ತೊಳೆಯುವ ವಿಧಿ, ಬಲಿಪೂಜೆ, ಆರಾಧನೆ ಎಲ್ಲವೂ ತಪ್ಪಿಹೋದವು. ಆ ಕೊರಗು ಇಂದಿಗೂ ಹೋಗಿಲ್ಲ. ಮುಂದೆ ಇಂಥದೇ ದಿನ ಆದೇಶ ಬಂದರೆ ವಿನಾಯಿತಿ ಕೇಳುವುದು ಸರಿಯೇ?

ಉತ್ತರ 1

ಸಹೋದರಿಯವರೇ, ಪವಿತ್ರ ಗುರುವಾರದ ಪೂಜೆ ಭಾನುವಾರದ ಪೂಜೆಯಂತೆ ಕಡ್ಡಾಯವಲ್ಲವಾದ್ದರಿಂದ ಪಾಪದ ಪ್ರಶ್ನೆಯೇ ಇಲ್ಲ. “ಕೈಸರನದನ್ನು (ರೋಮ್ ಚಕ್ರವರ್ತಿಯದನ್ನು) ಕೈಸರನಿಗೆ, ದೇವರದನ್ನು ದೇವರಿಗೆ ಕೊಡಿರಿ” ಎಂಬ ಯೇಸುವಿನ ಮಾತನ್ನು ನಾವು ಎರಡು ಪಾಲು ಹಂಚುವ ಲೆಕ್ಕದಂತೆ ಓದುತ್ತೇವೆ. ಆದರೆ ಅಂದು ಯೇಸುವಿನ ಮುಂದಿದ್ದದ್ದು ಪರರ ಆಳ್ವಿಕೆಯ ತೆರಿಗೆಯ ನಾಣ್ಯ. ಗಣರಾಜ್ಯದಲ್ಲಿ ಕೈಸರನ ಪೀಠದಲ್ಲಿರುವವರು ಪ್ರಜೆಗಳಾದ ನಾವೇ. ನೆರೆಯವರು ನಿರ್ಭಯವಾಗಿ ಮತ ಹಾಕಲೆಂದು ದಿನವಿಡೀ ದುಡಿದದ್ದನ್ನು ದೇವರ ಪಾಲಿನಿಂದ ಹೊರಗಿಡಲು ನನಗೆ ಮನಸ್ಸು ಬಾರದು.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೂ ವಿನಾಯಿತಿ ಕೇಳುವುದು ದೇಶನಿಷ್ಠೆಯ ಕೊರತೆ ಎಂದು ಯಾರೂ ಭಾವಿಸಬಾರದು. ಕೇರಳದ, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಕುಟುಂಬದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅದಕ್ಕಾಗಿ 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟ ಅವರ ಪರವಾಗಿ 1986ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಸಂವಿಧಾನದ 19 ಮತ್ತು 25ನೇ ವಿಧಿಗಳು ಕೊಡುವ ಅಭಿವ್ಯಕ್ತಿ ಮತ್ತು ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ಉಲ್ಲಂಘನೆಯಾಗಿದೆ ಎಂದಿತು. ಆದರೆ ಆ ಮಕ್ಕಳಿಗೆ ಹಾಡುವುದೇ ಅವರ ನಂಬಿಕೆಗೆ ವಿರುದ್ಧವಾಗಿತ್ತು; ನಿಮ್ಮ ನಂಬಿಕೆಗೆ ಚುನಾವಣಾ ಕೆಲಸ ವಿರುದ್ಧವಲ್ಲ, ಹೊತ್ತು ಮಾತ್ರ ಹೊಂದಲಿಲ್ಲ. ಆದ್ದರಿಂದ ಆದೇಶ ಕೈಸೇರಿದ ಕೂಡಲೇ ಕಾರಣ ಬರೆದು ಅರ್ಜಿ ಕೊಡಿ, ಒಪ್ಪದಿದ್ದರೆ ಹೋಗಿ. ಆತ್ಮಸಾಕ್ಷಿಗೇ ಎದುರಾದ ಆದೇಶ ಬಂದರೆ ಮಾತ್ರ “ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು” ಎಂಬ ಅಪೊಸ್ತಲರ ಮಾತು ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಅಂದು ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವ ಕೆಲಸ ನನ್ನದಾಗಿತ್ತು. ಒಬ್ಬ ಅಜ್ಜಿಯ ಬೆರಳುಗಳು ಮಡಚಿಕೊಂಡು ಬಿಗಿದಿದ್ದವು. ಅವರ ಕೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡು, ನೋಯದಂತೆ ಒಂದೊಂದೇ ಬೆರಳು ಬಿಡಿಸಿ ಶಾಯಿ ಹಚ್ಚಿದ್ದು ಈ ಉತ್ತರಗಳನ್ನು ಓದುವಾಗ ನೆನಪಾಯಿತು. ಮುಂದೆ ಅರ್ಜಿ ಕೊಡುತ್ತೇನೆ. ಆದರೆ ನನ್ನ ಬದಲಿಗೆ ಎಳೆಗೂಸಿನ ತಾಯಿಯಾದ ಸಹೋದ್ಯೋಗಿಯನ್ನು ಕಳುಹಿಸುವುದಾದರೆ, ಅದನ್ನು ಹಿಂತೆಗೆದುಕೊಂಡು ನಾನೇ ಹೋಗುತ್ತೇನೆ.